ಮೊಬೈಲಿಗೆ ಬೈದದ್ದು ಸಾಕು, ಒಳ್ಳೇದು ಎಲ್ಲಿ ಉಂಟು ಅಂತ ಹೇಳುವ ಅಂಕಣ ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಮೊಬೈಲಿನಿಂದ ಮಕ್ಕಳು ಹಾಳಾಗ್ತಿದ್ದಾರೆ ಅಂತ ವಾಚಕರ ಪತ್ರಗಳಲ್ಲಿ ಆಗಾಗ ಓದ್ತಾ ಇರ್ತೇನೆ. ಬರೆದವರ ಸಂಕಟ ನಿಜ, ನನ್ನ ಮನೆಯಲ್ಲೂ ಮಕ್ಕಳಿದ್ದಾರೆ, ರೀಲ್ಸ್ ನೋಡ್ತಾ ಕೂತ್ರೆ ಊಟಕ್ಕೆ ಕರೆದದ್ದೂ ಕೇಳುದಿಲ್ಲ. ಆದ್ರೆ ಅಂಥ ಪತ್ರ ಓದಿದಾಗೆಲ್ಲ ನನಗೆ ಅನಿಸುದು ಏನಂದ್ರೆ, ಯಾವುದು ನೋಡ್ಬಾರ್ದು ಅಂತ ಹೇಳ್ಲಿಕ್ಕೆ ಊರೆಲ್ಲ ಜನ ಇದ್ದಾರೆ, ಯಾವುದು ನೋಡ್ಬೇಕು, ಅದು ಎಲ್ಲಿ ಸಿಗ್ತದೆ ಅಂತ ಕನ್ನಡದಲ್ಲಿ ಕೂತು ಹೇಳುವವರು ಇಲ್ಲ. ಅದೇ ಫೋನಿನೊಳಗೆ ಎಂಥೆಂಥ ಚಿತ್ರ, ಎಂಥ ವಿಜ್ಞಾನ, ಎಂಥ ಕೈಕೆಲಸ ಉಂಟು ಅಂತ ನಾನು ಕಣ್ಣಾರೆ ನೋಡಿದವ, ಅದಕ್ಕೆ ಸುಮ್ಮನೆ ಇರ್ಲಿಕ್ಕೆ ಆಗ್ತಾ ಇಲ್ಲ. ನಿಮ್ಮ ಪತ್ರಿಕೆ ವಾರಕ್ಕೊಮ್ಮೆ ಅರ್ಧ ಕಾಲಂ ಜಾಗ ಕೊಟ್ಟು ಇಂಟರ್ನೆಟ್ಟಿನಲ್ಲಿ ಇರುವ ಒಂದೇ ಒಂದು ಒಳ್ಳೆ ವಿಷಯವನ್ನು ಹುಡುಕಿ, ಕನ್ನಡದಲ್ಲಿ ವಿವರಿಸಿ ತೋರಿಸ್ಬೇಕು, ಇಷ್ಟೇ ನನ್ನ ಬೇಡಿಕೆ. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೇನೆ, ಜಾಗ ಸಾಲದಿದ್ರೆ ಎಲ್ಲಿ ಬೇಕಾದ್ರೂ ಕತ್ತರಿಸಿ, ಪಂಪಿನ ವಿಷಯ ಮತ್ತು ಪೈಪಿನ ವಿಷಯ ಮಾತ್ರ ಬಿಡ್ಬೇಡಿ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಹತ್ರದವ, ಅಡಕೆ ತೋಟಗಳಿಗೆ ಪಂಪ್ ಕೂರಿಸುದು, ಪೈಪ್‌ಲೈನ್ ಎಳೆಯುದು, ಸ್ಪ್ರಿಂಕ್ಲರ್ ಹಾಕುದು ನನ್ನ ಕೆಲಸ. ಪೆರ್ಲ, ನೀರ್ಚಾಲು, ಮುಳ್ಳೇರಿಯ ಕಡೆಗೆಲ್ಲ ಹೋಗ್ತೇನೆ. ಒಂದು ತೋಟದಲ್ಲಿ ಎಲ್ಬೋ ಹಾಕ್ಲಿಕ್ಕೆ ಜಾಗ ಇಲ್ಲದ ಮೂಲೆ ಬಂತು, ಪೈಪನ್ನೇ ಬಿಸಿ ಮಾಡಿ ಒಳಗಿನ ತೂತು ಚಪ್ಪಟೆ ಆಗದ ಹಾಗೆ ಬಗ್ಗಿಸುದು ಹೇಗೆ ಅಂತ ಯೂಟ್ಯೂಬಲ್ಲಿ ಹುಡುಕ್ತಾ ಇದ್ದೆ. ಒಂದರ ಹಿಂದೆ ಒಂದು ವಿಡಿಯೋ ಬರ್ತಾ ಬರ್ತಾ ಸಮುದ್ರ ತೀರದಲ್ಲಿ ಹಳದಿ ಪೈಪಿನ ಒಂದು ದೊಡ್ಡ ಪ್ರಾಣಿ ನಡ್ಕೊಂಡು ಹೋಗ್ತಿರುವ ವಿಡಿಯೋ ಬಂತು. ಮೋಟಾರ್ ಇಲ್ಲ, ಬ್ಯಾಟರಿ ಇಲ್ಲ, ಎಳೆಯುವವರು ಯಾರೂ ಇಲ್ಲ, ಹತ್ತಾರು ಕಾಲುಗಳು ಒಂದಾದ ಮೇಲೆ ಒಂದು ಎತ್ತಿ ಇಡ್ತಾ ಗಾಳಿಗೆ ಹೋಗ್ತಾ ಉಂಟು. ನಾನು ದಿನಾ ಮುಟ್ಟುವ ಸಾಮಾನು ಅದು, ಪೈಪು. ಅದರಿಂದ ಹೀಗೂ ಮಾಡ್ಬಹುದು ಅಂತ ಕನಸಲ್ಲೂ ಎಣಿಸಿರ್ಲಿಲ್ಲ.

ಅದನ್ನು ಮಾಡಿದವರು ನೆದರ್ಲ್ಯಾಂಡ್ಸಿನ ಥಿಯೋ ಯಾನ್ಸೆನ್ ಅಂತ ಒಬ್ರು ಕಲಾವಿದರು. 1948ರಲ್ಲಿ ಹುಟ್ಟಿದವರು, ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಆಮೇಲೆ ಚಿತ್ರ ಬರೆಯುವ ಕಡೆಗೆ ಹೋದವರು. 1990ರಿಂದ ಅವರು ಹಿಡಿದದ್ದು ಇದೊಂದೇ ಕೆಲಸ, ಮನೆ ವಯರಿಂಗಿಗೆ ಹಾಕುವ ಪ್ಲಾಸ್ಟಿಕ್ ಪೈಪ್ ಉಂಟಲ್ಲ, ಅದನ್ನು ಕತ್ತರಿಸಿ, ಬಗ್ಗಿಸಿ, ಕಟ್ಟಿ ಗಾಳಿಯಲ್ಲಿ ನಡೆಯುವ ಪ್ರಾಣಿ ಮಾಡುದು. ಸ್ಟ್ರಾಂಡ್‌ಬೀಸ್ಟ್ ಅಂತ ಅವುಗಳಿಗೆ ಹೆಸರು, ಆ ಹೆಸರು ಹಾಕಿ ಹುಡುಕಿದ್ರೆ ಸಿಗ್ತದೆ. ಕಾಲಿನ ಕೆಲಸ ನೋಡ್ಬೇಕು ನೀವು. ನಡುವೆ ಒಂದು ಕ್ರ್ಯಾಂಕ್, ಅಂದ್ರೆ ಬಗ್ಗಿದ ಹಿಡಿಯಂಥದ್ದು, ಗುಂಡಗೆ ತಿರುಗ್ತದೆ, ಅದಕ್ಕೆ ಸೇರಿಸಿದ ಕೋಲುಗಳು ಆ ಗುಂಡಗಿನ ಚಲನೆಯನ್ನು ಹೆಜ್ಜೆಯಾಗಿ ಬದಲು ಮಾಡ್ತವೆ. ಪಾದ ನೆಲ ಮುಟ್ಟಿಕೊಂಡಿರುವಷ್ಟು ಹೊತ್ತು ಸಮಕ್ಕೆ ಹಿಂದೆ ಜಾರ್ತದೆ, ಕೊನೆಗೆ ಬಂದ ಕೂಡ್ಲೇ ಬೇಗ ಮೇಲೆ ಎತ್ತಿ ಮುಂದೆ ಇಡ್ತದೆ, ಹಾಗಾಗಿ ಮೈ ಮೇಲೆ ಕೆಳಗೆ ಕುಣಿಯುದೇ ಇಲ್ಲ, ನೆಲಕ್ಕೆ ಸಮಾಂತರವಾಗಿ ತೇಲಿಕೊಂಡು ಹೋದ ಹಾಗೆ ಹೋಗ್ತದೆ. ಈ ಕೋಲುಗಳ ಉದ್ದ ಎಷ್ಟಿರ್ಬೇಕು ಅಂತ ಅವರು ಅಂದಾಜಿಗೆ ಹಾಕಿದ್ದಲ್ಲ. ಕಂಪ್ಯೂಟರಿನಲ್ಲಿ ಬೇರೆಬೇರೆ ಅಳತೆಯ 1500 ಕಾಲು ಮಾಡಿ, ಅದರಲ್ಲಿ ಚೆನ್ನಾಗಿ ನಡೆಯುವ 100 ಆರಿಸಿ, ಆ ಅಳತೆಗಳನ್ನು ಬೆರೆಸಿ ಮತ್ತೆ 1500 ಮಾಡಿ, ಹೀಗೆ ತಿಂಗಳುಗಟ್ಟಲೆ ರಾತ್ರಿ ಹಗಲು ಓಡಿಸಿದ್ರಂತೆ. ನಾವು ಒಳ್ಳೆ ತಾಯಿಮರದ ಅಡಕೆ ಆರಿಸಿ ಸಸಿ ಮಾಡ್ತೇವಲ್ಲ, ಅದೇ ಕ್ರಮ. ಕೊನೆಗೆ ಸಿಕ್ಕಿದ್ದು ಹನ್ನೊಂದು ಸಂಖ್ಯೆ. ಆ ಹನ್ನೊಂದನ್ನೂ ಅವರು ಗುಟ್ಟು ಮಾಡದೆ ಯಾರು ಬೇಕಾದ್ರೂ ಮಾಡಿ ನೋಡಿ ಅಂತ ಜಗತ್ತಿಗೆ ಕೊಟ್ಟುಬಿಟ್ಟಿದ್ದಾರೆ.

ಇನ್ನೂ ಉಂಟು. ಬೀಸುವ ಗಾಳಿಯಿಂದ ಸಣ್ಣ ಪಂಪುಗಳು ಓಡಿ ಖಾಲಿ ಪ್ಲಾಸ್ಟಿಕ್ ಬಾಟ್ಲಿಗಳಿಗೆ ಗಾಳಿ ತುಂಬ್ತವೆ, ಗಾಳಿ ನಿಂತ ಮೇಲೆ ಬಾಟ್ಲಿಯಲ್ಲಿ ಕೂಡಿಟ್ಟ ಗಾಳಿಯಿಂದ ಇನ್ನೂ ಸ್ವಲ್ಪ ದೂರ ನಡೀತದೆ. ಕೆಳಗೆ ಒಂದು ಟ್ಯೂಬು ನೆಲದ ಹತ್ರ ಗಾಳಿ ಎಳ್ಕೊಳ್ತಾ ಇರ್ತದೆ, ಪ್ರಾಣಿ ಸಮುದ್ರದ ನೀರಿಗೆ ಇಳಿದ್ರೆ ಆ ಟ್ಯೂಬಿಗೆ ನೀರು ಸಿಕ್ಕಿ ಎಳೆಯುದು ಭಾರ ಆಗ್ತದೆ, ಆಗ ಅದು ಹಿಂದೆ ತಿರುಗ್ತದೆ. ಸೆನ್ಸರ್ ಇಲ್ಲ, ಚಿಪ್ ಇಲ್ಲ. ಫುಟ್‌ವಾಲ್ವ್, ಏರ್‌ಲಾಕ್ ಅಂತ ದಿನಾ ಒದ್ದಾಡುವ ನಮ್ಮಂಥವರಿಗೆ ಇದರ ಮರ್ಮ ನೋಡಿದ ಕೂಡ್ಲೇ ಗೊತ್ತಾಗ್ತದೆ. ಹಾಗೆ ಗೊತ್ತಾದಾಗ ಬರುವ ಖುಷಿ ಉಂಟಲ್ಲ, ಅದು ಯಾವ ಸಿನಿಮಾ ನೋಡಿದ್ರೂ ನನಗೆ ಬಂದದ್ದಿಲ್ಲ.

ಅಕ್ಕನ ಮಗನಿಗೆ ತೋರಿಸಿದೆ, ಪ್ಲಸ್ ಟು ಹುಡುಗ. "ಮಾವ, ಒಂದು ಕಾಲು ಮಾಡಿ ನೋಡುವನಾ" ಅಂದ. ಕೆಲಸದಲ್ಲಿ ಉಳಿದ ವಯರಿಂಗ್ ಪೈಪಿನ ತುಂಡುಗಳು ಶೆಡ್ಡಿನಲ್ಲಿ ಇದ್ದವು, ಆ ಸಂಖ್ಯೆಗಳನ್ನೇ ಸೆಂಟಿಮೀಟರ್ ಅಂತ ಹಿಡಿದು 38, 41.5, 39.3 ಹೀಗೆ ಹ್ಯಾಕ್ಸಾ ಬ್ಲೇಡಲ್ಲಿ ಕತ್ತರಿಸಿ, ತುದಿ ಚಪ್ಪಟೆ ಮಾಡಿ ತೂತು ಕೊರೆದು ಬೋಲ್ಟ್ ನಟ್ ಹಾಕಿ, ಬೋಲ್ಟ್ ಬಿಗಿಯಾಗದ ಹಾಗೆ ವಾಷರ್ ಕೂರಿಸಿ ಶೆಡ್ಡಿನ ಗೋಡೆಗೆ ಒತ್ತಿ ನಿಲ್ಲಿಸಿದೆವು. ಪಾದದ ತುದಿಗೆ ಒಂದು ಚಾಕ್‌ಪೀಸ್ ಕಟ್ಟಿದ, ಕ್ರ್ಯಾಂಕ್ ನಾನು ಮೆಲ್ಲ ತಿರುಗಿಸಿದೆ. ಗೋಡೆ ಮೇಲೆ ಗೆರೆ ಬಿತ್ತು, ಅಡಿ ಚಪ್ಪಟೆ, ಮೇಲೆ ಒಂದು ಬದಿಗೆ ಎತ್ತರದ ಗೂನು, ಮತ್ತೆ ತಿರುಗಿಸಿದ್ರೆ ಅದೇ ಗೆರೆಯ ಮೇಲೆ ಚಾಕ್ ಕೂದಲೆಳೆಯಷ್ಟೂ ತಪ್ಪದೆ ಬಂತು. ಹುಡುಗ ಒಂದು ಕೋಲನ್ನು ಬೇಕಂತಲೇ ಎರಡು ಸೆಂಟಿಮೀಟರ್ ಗಿಡ್ಡ ಮಾಡಿ ಹಾಕಿ ನೋಡಿದ, ಅಡಿಯ ಚಪ್ಪಟೆ ಗೆರೆ ಡೊಂಕಾಗಿ ಬಂತು. ಶಾಲೆಯಲ್ಲಿ ರೇಖಾಗಣಿತ ಅಂದ್ರೆ ಓಡಿ ಹೋಗುವವ ಅವತ್ತು ರಾತ್ರಿ ಇದರ ಲೆಕ್ಕ ಹೇಗೆ ಅಂತ ಪುಸ್ತಕ ಹಿಡ್ಕೊಂಡು ಕೂತ. ನೋಡುದು ಅಲ್ಲಿಗೇ ನಿಲ್ಲದೆ ಕೈಗೆ ಇಳಿದ್ರೆ ಏನಾಗ್ತದೆ ಅಂತ ನಾನು ಆ ಗೋಡೆಯಲ್ಲಿ ನೋಡಿದೆ.

ಈಗ ಕೇಳುದು, ಇದು ನನಗೆ ಸಿಕ್ಕಿದ್ದು ಹೇಗೆ? ಆಕಸ್ಮಿಕ. ಪೈಪ್ ಬಗ್ಗಿಸುವ ಅಗತ್ಯ ಬರದೇ ಇದ್ರೆ ಸಿಕ್ತಾ ಇರ್ಲಿಲ್ಲ. ಫೋನು ತಾನಾಗಿ ಇಂಥದ್ದನ್ನು ತಂದು ಕೊಡುದಿಲ್ಲ, ನಾವು ಯಾವುದರ ಮೇಲೆ ಜಾಸ್ತಿ ಹೊತ್ತು ಬೆರಳು ನಿಲ್ಲಿಸ್ತೇವೋ ಅದೇ ಜಾತಿಯದ್ದನ್ನು ಮತ್ತೆ ಮತ್ತೆ ತಂದು ಹಾಕ್ತದೆ, ಜಗಳ ನೋಡಿದವನಿಗೆ ಜಗಳ, ಡ್ಯಾನ್ಸ್ ನೋಡಿದವನಿಗೆ ಡ್ಯಾನ್ಸ್. ಒಳ್ಳೇದರ ಹೆಸರು ಮೊದಲೇ ಗೊತ್ತಿದ್ರೆ ಮಾತ್ರ ಅದನ್ನು ಹುಡುಕ್ಲಿಕ್ಕೆ ಆಗ್ತದೆ, ಹೆಸರೇ ಗೊತ್ತಿಲ್ಲದವ ಏನಂತ ಟೈಪ್ ಮಾಡ್ಬೇಕು? ಪೇಟೆಯಲ್ಲಿ ದೊಡ್ಡ ಶಾಲೆಗೆ ಹೋಗುವ ಮಕ್ಕಳಿಗೆ ಆ ಹೆಸರು ಹೇಳ್ಲಿಕ್ಕೆ ಜನ ಇದ್ದಾರೆ. ನಮ್ಮ ಎಣ್ಮಕಜೆ, ಬೆಳ್ಳೂರು, ಪೈವಳಿಕೆ, ವರ್ಕಾಡಿಯ ಕನ್ನಡ ಮೀಡಿಯಂ ಮಕ್ಕಳಿಗೆ ಯಾರು ಹೇಳ್ಬೇಕು.

ಹೇಳುವವರು ಇಲ್ಲದಲ್ಲಿ ಸುಳ್ಳು ಬಂದು ಕೂರ್ತದೆ. ಇದು ನನ್ನ ಕಸುಬಿಗೇ ತಟ್ಟಿದ ವಿಷಯ. ತೋಟದವರು ನನಗೆ ಫೋನ್ ತಂದು ತೋರಿಸ್ತಾರೆ, ನಾಲ್ಕು ಬಾಟ್ಲಿ, ಒಂದಷ್ಟು ಪಿವಿಸಿ ಪೈಪು, ಬಾವಿಯ ನೀರು ಕರೆಂಟಿಲ್ಲದೆ ಮೇಲೆ ಬಂದು ಸುರೀತಾ ಇರ್ತದೆ, ಒಮ್ಮೆ ಶುರು ಮಾಡಿದ್ರೆ ಸಾಕು ಜೀವಮಾನ ಇಡೀ ಬರ್ತದೆ ಅಂತ ಕೆಳಗೆ ಬರೆದಿರ್ತಾರೆ, ಲಕ್ಷಗಟ್ಟಲೆ ಜನ ನೋಡಿರ್ತಾರೆ. "ಇದನ್ನು ನಮ್ಮಲ್ಲಿ ಹಾಕಿ ಕೊಡಿ, ಕರೆಂಟ್ ಬಿಲ್ ಉಳೀತದೆ" ಅಂತ ಪಾಪ ನಂಬಿಕೆಯಿಂದಲೇ ಕೇಳ್ತಾರೆ. ಬಾವಿಯಲ್ಲಿ ನಿಂತ ನೀರು ಯಾವ ಶಕ್ತಿಯೂ ಇಲ್ಲದೆ ತನ್ನ ಮಟ್ಟಕ್ಕಿಂತ ಮೇಲೆ ಹತ್ತುದಿಲ್ಲ, ಕಾಣದ ಜಾಗದಲ್ಲಿ ಒಂದು ಪೈಪು ಕೊಟ್ಟು ಶೂಟಿಂಗ್ ಮಾಡಿರ್ತಾರೆ ಅಂತ ಹೇಳಿದ್ರೆ ನನಗೇ ಗೊತ್ತಿಲ್ಲ ಅಂತ ತಿಳ್ಕೊಳ್ತಾರೆ. ಸಾಮಾನು ತಂದು ದುಡ್ಡು ಕಳ್ಕೊಂಡವರೂ ಇದ್ದಾರೆ.

ಆದ್ರೆ ನೋಡಿ, ಕರೆಂಟಿಲ್ಲದೆ ನೀರು ಮೇಲೆತ್ತುವ ನಿಜವಾದ ಪಂಪು ಒಂದು ಉಂಟು, ಹೈಡ್ರಾಲಿಕ್ ರ್‍ಯಾಮ್ ಅಂತ. ಬಿಸಿಗಾಳಿ ಬಲೂನು ಹಾರಿಸಿದ ಫ್ರಾನ್ಸಿನ ಮಾಂಟ್‌ಗಾಲ್ಫಿಯೆ ಅಣ್ಣತಮ್ಮಂದಿರಲ್ಲಿ ದೊಡ್ಡವರು ಜೋಸೆಫ್, ಅವರು 1796ರಲ್ಲಿ ಮಾಡಿದ್ದು. ಎತ್ತರದಿಂದ ಪೈಪಿನಲ್ಲಿ ಹರಿದು ಬರುವ ನೀರಿಗೆ ಒಂದು ವಾಲ್ವ್ ಥಟ್ಟಂತ ಮುಚ್ತದೆ, ಆಗ ಪೈಪಿನೊಳಗೆ ಹೊಡೆತ ಹುಟ್ತದೆ. ನಾವು ಲೈನಿನ ಗೇಟ್‌ವಾಲ್ವ್ ಫಕ್ಕನೆ ಮುಚ್ಚಿದ್ರೆ ಪೈಪು ಗುದ್ದಿದ ಹಾಗೆ ಸದ್ದು ಬಂದು ಕೆಲವೊಮ್ಮೆ ಜಾಯಿಂಟೇ ಬಿಚ್ಚಿಕೊಳ್ತದಲ್ಲ, ಅದೇ ಹೊಡೆತ. ಆ ಹೊಡೆತ ಸ್ವಲ್ಪ ನೀರನ್ನು ಇನ್ನೊಂದು ವಾಲ್ವಿನ ಮೂಲಕ ಮೇಲಿನ ಪೈಪಿಗೆ ದೂಡ್ತದೆ, ಒತ್ತಡ ಇಳಿದ ಕೂಡ್ಲೇ ಮೊದಲ ವಾಲ್ವ್ ತೆರೆದು ಮತ್ತೆ ನೀರು ಹರೀತದೆ, ಮತ್ತೆ ಮುಚ್ತದೆ, ಹೀಗೆ ಟಕ್ ಟಕ್ ಅಂತ ರಾತ್ರಿ ಹಗಲು ಓಡ್ತದೆ. ಹರಿದು ಬಂದ ನೀರಿನ ಬಹುಪಾಲು ಹೊರಗೆ ಹೋಗ್ತದೆ, ಸ್ವಲ್ಪ ಭಾಗ ಮಾತ್ರ ಎತ್ತರಕ್ಕೆ ಹೋಗ್ತದೆ, ಶಕ್ತಿ ಬಂದದ್ದು ಬಿದ್ದ ನೀರಿನಿಂದ, ಪುಕ್ಕಟೆಯಾಗಿ ಎಲ್ಲಿಂದಲೂ ಅಲ್ಲ. ಹಾಗಾಗಿ ಇದಕ್ಕೆ ಬಾವಿ ಆಗುದಿಲ್ಲ, ಇಳಿಜಾರಿನಲ್ಲಿ ಹರಿಯುವ ತೋಡು ಬೇಕು. ಗುಡ್ಡದ ಬುಡದಲ್ಲಿ ತೋಡು ಹರಿಯುವ ಜಾಗ ನಮ್ಮಲ್ಲಿ ಬೇಕಾದಷ್ಟು ಉಂಟು. ಸುಳ್ಳು ವಿಡಿಯೋ ಮತ್ತು ನಿಜದ ವಿಡಿಯೋ ಫೋನಿನಲ್ಲಿ ಅಕ್ಕಪಕ್ಕವೇ ಇರ್ತದೆ, ನೋಡ್ಲಿಕ್ಕೆ ಎರಡೂ ಒಂದೇ ಥರ, ಪೈಪು, ಬಾಟ್ಲಿ, ನೀರು. ವ್ಯತ್ಯಾಸ ಹೇಳ್ಲಿಕ್ಕೆ ವಿಷಯ ಗೊತ್ತಿರುವ ಒಬ್ಬ ಮನುಷ್ಯ ಬೇಕು, ಅವನ ಮಾತು ಅಚ್ಚಾಗಿ ಬರ್ಬೇಕು, ಪತ್ರಿಕೆಯಲ್ಲಿ ಬಂತು ಅಂದ್ರೆ ನಮ್ಮ ಊರಲ್ಲಿ ಈಗ್ಲೂ ಅದಕ್ಕೆ ಬೆಲೆ ಉಂಟು. ಅಂಕಣ ಬೇಕು ಅಂತ ಹಟ ಹಿಡಿದದ್ದು ಮುಖ್ಯವಾಗಿ ಇದಕ್ಕೇ.

ಮಕ್ಕಳಿಗೆ ತೋರಿಸ್ಲಿಕ್ಕೆ ನಾನು ಎಲ್ಲರಿಗೂ ಹೇಳುದು ಅರವಿಂದ ಗುಪ್ತ ಅವರ ವೆಬ್‌ಸೈಟ್. ಐಐಟಿ ಕಾನ್ಪುರದಲ್ಲಿ ಇಂಜಿನಿಯರಿಂಗ್ ಓದಿದವರು, ದೊಡ್ಡ ಸಂಬಳದ ಹಿಂದೆ ಹೋಗದೆ ಬಿಸಾಡಿದ ಸಾಮಾನಿನಿಂದ ಮಕ್ಕಳಿಗೆ ವಿಜ್ಞಾನದ ಆಟಿಕೆ ಮಾಡಿ ಕಲಿಸ್ತಾ ಬಂದವರು, 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಸೈಟಿನಲ್ಲಿ ಆಟಿಕೆಗಳ ಫೋಟೋ, ವಿಡಿಯೋ, ಪುಸ್ತಕ ರಾಶಿ ಉಂಟು, ಎಲ್ಲ ಉಚಿತ, ಕನ್ನಡದ ಪುಸ್ತಕವೂ ಸಿಗ್ತದೆ. ಅದರಲ್ಲಿ ನನ್ನ ಮಗಳು ಮಾಡಿದ್ದು ಸ್ಟ್ರಾದ ಸ್ಪ್ರಿಂಕ್ಲರ್. ಹಿಡಿಸೂಡಿಯ ಒಂದು ಕಡ್ಡಿಯನ್ನು ಸ್ಟ್ರಾದ ಸರಿ ನಡುವೆ ಚುಚ್ಚುದು, ಆ ಕಡೆ ಈ ಕಡೆ ಒಂದೊಂದು ಅರ್ಧ ಕಟ್ ಕೊಟ್ಟು ಎರಡೂ ತುದಿಯನ್ನು ಕೆಳಗೆ ಬಗ್ಗಿಸಿ ತ್ರಿಕೋನ ಮಾಡಿ ಕಡ್ಡಿಗೆ ಸೇರಿಸಿ ಟೇಪ್ ಸುತ್ತುದು, ಕೆಳಗಿನ ತೂತು ಎರಡೂ ತೆರೆದಿರ್ಬೇಕು. ತುದಿಯನ್ನು ನೀರಲ್ಲಿ ಮುಳುಗಿಸಿ ಕಡ್ಡಿಯನ್ನು ಅಂಗೈ ನಡುವೆ ಮೊಸರು ಕಡೆದ ಹಾಗೆ ತಿರುಗಿಸಿದ್ರೆ ನೀರು ಸ್ಟ್ರಾದಲ್ಲಿ ಮೇಲೆ ಹತ್ತಿ ಆ ಎರಡು ಕಟ್‌ಗಳಿಂದ ಸುತ್ತಲೂ ಚಿಮ್ಮುತ್ತದೆ. ಅಡಿಗೆಮನೆ ಇಡೀ ಒದ್ದೆ. ಮಗಳು "ಅಪ್ಪಾ, ಇದು ನೀವು ಹಾಕುದೇ ಅಲ್ವಾ" ಅಂತ ಕೇಳಿದ್ಳು. ಹೌದು, ಅದೇ. ತಿರುಗುವಾಗ ನೀರು ಹೊರಕ್ಕೆ ಎಸೆಯಲ್ಪಡ್ತದೆ, ನಡುವೆ ಒತ್ತಡ ಕಡಿಮೆ ಆಗ್ತದೆ, ಆ ಜಾಗಕ್ಕೆ ಕೆಳಗಿನ ನೀರು ಹತ್ತುತ್ತದೆ, ನಾನು ತೋಟಕ್ಕೆ ಹೊತ್ತುಕೊಂಡು ಹೋಗುವ ಸೆಂಟ್ರಿಫ್ಯೂಗಲ್ ಪಂಪಿನ ಇಂಪೆಲ್ಲರ್, ಅಂದ್ರೆ ಒಳಗೆ ತಿರುಗುವ ಚಕ್ರ, ಮಾಡುದೂ ಇದೇ ಕೆಲಸ. ಒಂದು ಹಳೆ ಪಂಪ್ ಬಿಚ್ಚಿ ಇಂಪೆಲ್ಲರ್ ತೆಗೆದು ಅವಳ ಕೈಗೆ ಕೊಟ್ಟೆ, ಆ ಬಾಗಿದ ಎಲೆಗಳ ಮೇಲೆ ಬೆರಳಾಡಿಸಿ ನೀರು ಎಲ್ಲಿಂದ ಒಳಗೆ ಬಂದು ಎಲ್ಲಿ ಹೊರಗೆ ಹೋಗ್ತದೆ ಅಂತ ಅವಳೇ ನನಗೆ ತಿರುಗಿ ಹೇಳಿದ್ಳು. ಅಪ್ಪನ ಕೆಲಸದಲ್ಲಿ ಇಷ್ಟು ವಿಜ್ಞಾನ ಉಂಟಾ ಅಂತ ಮಗಳಿಗೆ ಗೊತ್ತಾದದ್ದು ಫೋನಿನಿಂದ.

ಚಿತ್ರಕಲೆ ವಿಷಯವೂ ಹೇಳ್ಬೇಕು. ಆಂಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಮ್ಮಿನಲ್ಲಿ ರೆಂಬ್ರಾಂಟ್ 1642ರಲ್ಲಿ ಬರೆದ ನೈಟ್ ವಾಚ್ ಅಂತ ಒಂದು ಚಿತ್ರ ಉಂಟು, ಒಂದು ಕೋಣೆಯ ಗೋಡೆಯಷ್ಟು ದೊಡ್ಡದು. ಅದನ್ನು 8,439 ಫೋಟೋ ತೆಗೆದು ಒಂದಕ್ಕೊಂದು ಜೋಡಿಸಿ 71,700 ಕೋಟಿ ಚುಕ್ಕೆಗಳ ಒಂದೇ ಚಿತ್ರ ಮಾಡಿ 2022ರಲ್ಲಿ ಮ್ಯೂಸಿಯಮ್ಮಿನ ಸೈಟಿಗೆ ಹಾಕಿದ್ದಾರೆ. ಒಂದು ಚುಕ್ಕೆ ನಮ್ಮ ರಕ್ತದ ಕೆಂಪು ಕಣಕ್ಕಿಂತ ಸಣ್ಣ. ಹಳದಿ ಉಡುಪಿನ ಒಬ್ಬಳು ಸಣ್ಣ ಹುಡುಗಿ ಇದ್ದಾಳೆ ಅದರಲ್ಲಿ, ಸೊಂಟದಲ್ಲಿ ಒಂದು ಕೋಳಿ ನೇತಾಡ್ತಾ ಉಂಟು. ಅವಳ ಮುಖದ ಮೇಲೆ ಬೆರಳಿಟ್ಟು ದೊಡ್ಡದು ಮಾಡ್ತಾ ಹೋದ್ರೆ ಬಣ್ಣದ ಬಿರುಕು, ಬ್ರಶ್ಶಿನ ಕೂದಲಿನ ಗೀರು, ಆಮೇಲೆ ಬಣ್ಣದ ಕಣವೇ ಕಾಣ್ತದೆ. ಮುಂದೆ ನಿಂತ ಅಧಿಕಾರಿಯ ಕೋಟಿನ ಜರಿ ದೂರದಿಂದ ಚಿನ್ನದ ನೂಲು, ಹತ್ರ ಹೋದ್ರೆ ದಪ್ಪಕ್ಕೆ ಮೆತ್ತಿದ ಹಳದಿ ಬಣ್ಣದ ಗುಡ್ಡೆಗಳು. ಯಕ್ಷಗಾನ ಆಟಕ್ಕೆ ಮೊದಲು ಬಣ್ಣ ಹಚ್ಚುವ ಚೌಕಿಗೆ ಹೋಗಿ ಬಣ್ಣದ ವೇಷದ ಮುಖಕ್ಕೆ ಚಿಟ್ಟಿ ಇಡುದನ್ನು ಹತ್ರದಿಂದ ನೋಡಿದವರಿಗೆ ಈ ಗುಟ್ಟು ಹೊಸತಲ್ಲ, ಅಕ್ಕಿಹಿಟ್ಟು ಸುಣ್ಣದ ಆ ಚುಕ್ಕೆಗಳೇ ರಂಗಸ್ಥಳದ ಬೆಳಕಲ್ಲಿ ರಾಕ್ಷಸನ ಉಗ್ರರೂಪ ಆಗುದು. ಟಿಕೆಟ್ ತೆಗೆದು ವಿಮಾನದಲ್ಲಿ ಹೋದವನಿಗೂ ಅಲ್ಲಿ ದೂರ ನಿಂತು ನೋಡ್ಬೇಕು, ಇಷ್ಟು ಹತ್ರ ಬಿಡ್ಲಿಕ್ಕಿಲ್ಲ. ಇದೇ ರೆಂಬ್ರಾಂಟ್ ತನ್ನ ದೇಶ ಬಿಟ್ಟು ಹೊರಗೆ ಹೋದವರಲ್ಲ, ಆದ್ರೆ ಹಡಗಿನಲ್ಲಿ ಅಲ್ಲಿಗೆ ಬಂದಿದ್ದ ನಮ್ಮ ಮೊಘಲ್ ಚಿತ್ರಗಳನ್ನು ನೋಡಿ ಇಪ್ಪತ್ತಕ್ಕಿಂತ ಹೆಚ್ಚು ನಕಲು ಬರೆದಿದ್ದಾರೆ, ಅದರಲ್ಲಿ ಶಹಜಹಾನನೂ ಇದ್ದಾನೆ. ಆ ಕಾಲದಲ್ಲೇ ಅಷ್ಟು ದೊಡ್ಡ ಕಲಾವಿದ ಬೇರೆಯವರ ಚಿತ್ರ ಎದುರಿಗೆ ಇಟ್ಟುಕೊಂಡು ಕಲಿತಿದ್ದಾನೆ ಅಂದ್ರೆ ನಮ್ಮ ಡ್ರಾಯಿಂಗ್ ಕ್ಲಾಸಿನ ಮಕ್ಕಳಿಗೆ ಎಷ್ಟು ಧೈರ್ಯ ಬರ್ಲಿಕ್ಕಿಲ್ಲ.

ಡಚ್ಚರ, ಅಂದ್ರೆ ನೆದರ್ಲ್ಯಾಂಡ್ಸಿನವರ ಮಾತು ಬಂತಲ್ಲ, ಅಡಕೆ ಬೆಳೆಗಾರರೆಲ್ಲ ಒಮ್ಮೆ ನೋಡ್ಲೇಬೇಕಾದ ಇನ್ನೊಂದು ಉಂಟು. ಹೋರ್ಟಸ್ ಮಲಬಾರಿಕಸ್ ಅಂತ ಪುಸ್ತಕ, ಕೊಚ್ಚಿಯಲ್ಲಿ ಡಚ್ ಅಧಿಕಾರಿಯಾಗಿದ್ದ ವಾನ್ ರೀಡ್ ಮಾಡಿಸಿದ್ದು, 1678ರಿಂದ 1693ರ ವರೆಗೆ ಆಂಸ್ಟರ್‌ಡ್ಯಾಮಿನಲ್ಲಿ ಹನ್ನೆರಡು ಸಂಪುಟವಾಗಿ ಅಚ್ಚಾದದ್ದು, 742 ಗಿಡಮರಗಳ ವಿವರ ಉಂಟು ಅದರಲ್ಲಿ. ಗಿಡ ಗುರುತು ಹೇಳಿ ಮದ್ದು ಹೇಳಿದವರು ಮಾತ್ರ ಇಲ್ಲಿಯವರೇ, ಇಟ್ಟಿ ಅಚ್ಯುದನ್ ವೈದ್ಯರು ಮತ್ತು ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಅಂತ ಮೂವರು ಕೊಂಕಣಿ ವೈದ್ಯರು. ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅನ್ನುವ ಸೈಟಿನಲ್ಲಿ ಹಳೆ ಪುಸ್ತಕಗಳು ಪುಟಪುಟವಾಗಿ ಸಿಗ್ತದೆ, ಅಲ್ಲಿ ಇದರ ಮೊದಲ ಸಂಪುಟ ತೆರೆದ್ರೆ ಸುರುವಿಗೆ ತೆಂಗು, ಅದು ಮುಗಿದ ಕೂಡ್ಲೇ ಅಡಕೆ. ನೆರೆಯ ಮಲಯಾಳಿಗಳು ಹೇಳುವ ಹೆಸರನ್ನೇ ಕೌಂಗ ಅಂತ ಬರೆದಿದ್ದಾರೆ. ಮರ, ಹಿಂಗಾರ, ಗೊನೆ, ಕಾಯಿ ಬೇರೆಬೇರೆಯಾಗಿ ಕೊರೆದ ಚಿತ್ರಗಳು, ಹಿಂಗಾರದ ಎಸಳು ಒಂದೊಂದೂ ಬಿಡಿಸಿ ತೋರಿಸಿದ್ದಾರೆ. ಅದೇ ಸಂಪುಟದಲ್ಲಿ ಮುಂದೆ ಹೋದ್ರೆ ಕಾಸರಕನ ಮರವೂ ಉಂಟು, 2023ರಲ್ಲಿ ನಮ್ಮ ಜಿಲ್ಲೆಯ ಮರ ಅಂತ ಘೋಷಣೆ ಮಾಡಿದ್ರಲ್ಲ, ಅದೇ. ಪುಸ್ತಕ ಲ್ಯಾಟಿನಿನಲ್ಲಿ ಉಂಟು, ಕೆ. ಎಸ್. ಮಣಿಲಾಲ್ ಅನ್ನುವ ಸಸ್ಯವಿಜ್ಞಾನಿ ಜೀವಮಾನ ಇಡೀ ಕೂತು ಇಂಗ್ಲಿಷಿಗೂ ಮಲಯಾಳಕ್ಕೂ ತಂದ್ರು. ಕನ್ನಡದಲ್ಲಿ ಅದರ ಬಗ್ಗೆ ನಾಲ್ಕು ಸಾಲು ಓದ್ಲಿಕ್ಕೆ ಸಿಕ್ಕಿದ್ರೆ ನಮ್ಮ ಹಿರಿಯ ಕೃಷಿಕರು ಎಷ್ಟು ಖುಷಿ ಪಡ್ತಾರೆ ಅಂತ ನನಗೆ ಗೊತ್ತು, ಫೋನಿನಲ್ಲಿ ಆ ಚಿತ್ರ ತೋರಿಸಿದಾಗ ಒಬ್ರು ಭಟ್ರು ಕನ್ನಡಕ ತರಿಸಿ ಹಾಕ್ಕೊಂಡು ನೋಡಿದ್ರು, ಗೊನೆಯ ಚಿತ್ರ ಸರಿ ಉಂಟು ಅಂತ ತೀರ್ಪನ್ನೂ ಕೊಟ್ರು.

ಆಕಾಶದ ವಿಷಯಕ್ಕೆ ನಾಸಾದವರು 1995ರಿಂದ ದಿನಕ್ಕೊಂದು ಚಿತ್ರ ಹಾಕಿ ಖಗೋಳ ವಿಜ್ಞಾನಿಗಳಿಂದಲೇ ಕೆಳಗೆ ಸಣ್ಣ ವಿವರಣೆ ಬರೆಸುವ ಸೈಟ್ ಉಂಟು, ಹಕ್ಕಿಗಳ ಕೂಗು ಕೇಳ್ಲಿಕ್ಕೆ ಕ್ಸೆನೋ ಕ್ಯಾಂಟೋ ಉಂಟು, ಒಂದೊಂದೂ ಒಂದು ವಾರದ ಅಂಕಣಕ್ಕೆ ಆಗ್ತದೆ, ಇಲ್ಲಿ ಎಲ್ಲವನ್ನೂ ಎಳೆಯುದಿಲ್ಲ.

ತೊಡಕು ಭಾಷೆಯದ್ದು. ಇವೆಲ್ಲ ಬಹುಪಾಲು ಇಂಗ್ಲಿಷಿನಲ್ಲಿ ಇರುದು. ನಮ್ಮ ಮಕ್ಕಳು ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ ಮಾತಾಡಿ, ಶಾಲೆಯಲ್ಲಿ ಕನ್ನಡ ಓದಿ, ಬಸ್ಸಲ್ಲಿ ಆಫೀಸಲ್ಲಿ ಮಲಯಾಳ ಕೇಳಿ ಬೆಳೆಯುವವರು, ಇಂಗ್ಲಿಷ್ ಅವರಿಗೆ ನಾಲ್ಕನೇದು. ಮಲಯಾಳದಲ್ಲಿ ವಿಜ್ಞಾನ ಹೇಳುವ ಸಂಪ್ರದಾಯ ಕೇರಳದಲ್ಲಿ ಗಟ್ಟಿ ಉಂಟು, ಅದರ ಮೇಲೆ ನನಗೆ ಗೌರವವೇ. ಕನ್ನಡದಲ್ಲಿ ಬೆಂಗಳೂರು ಮೈಸೂರಿನಲ್ಲಿ ಬರೆಯುವವರು ಇದ್ದಾರೆ, ಕನ್ನಡ ವಿಕಿಪೀಡಿಯ 2003ರಿಂದ ಉಂಟು, ತುಳುವಿನದ್ದೂ 2016ರಲ್ಲಿ ಶುರುವಾಯ್ತು, ಆದ್ರೆ ಗಡಿಯ ಈಚೆಗೆ ಬೆಳಿಗ್ಗೆ ಚಾ ಕುಡಿಯುವಾಗ ಕೈಗೆ ಸಿಗುದು ನಿಮ್ಮ ಪತ್ರಿಕೆ. ಮಂಜೇಶ್ವರದಲ್ಲಿ ಕೂತುಕೊಂಡೇ ಗೋವಿಂದ ಪೈಗಳು ಎಷ್ಟೆಷ್ಟು ಭಾಷೆಯ ಪುಸ್ತಕ ತರಿಸಿ ಓದಿ ಅದರ ಸಾರ ಕನ್ನಡಕ್ಕೆ ಕೊಟ್ರು, ಅವರಿಗೆ ಪೋಸ್ಟಿನಲ್ಲಿ ಪುಸ್ತಕ ಬರ್ಲಿಕ್ಕೆ ತಿಂಗಳು ಹಿಡೀತಾ ಇದ್ದಿರ್ಬಹುದು. ಈಗ ಕ್ಷಣದಲ್ಲಿ ಬರ್ತದೆ. ತಂದು ಕೊಡುವ ಕೆಲಸ ಮಾತ್ರ ಯಾರೂ ಮಾಡ್ತಾ ಇಲ್ಲ.

ಹೊರಗಿನದ್ದು ಮಾತ್ರ ಹೊಗಳಿ ನಮ್ಮದನ್ನು ಮರೆಯುದು ನನ್ನ ಉದ್ದೇಶ ಅಲ್ಲ. ತಿಂಗಳಿಗೆ ಒಂದು ವಾರವಾದ್ರೂ ನಮ್ಮದೇ ಇರ್ಲಿ. ಬೆಳ್ಳೂರು ಪಂಚಾಯತಿನ ಸತ್ಯನಾರಾಯಣ ಬೇಳೇರಿಯವರು 650ಕ್ಕಿಂತ ಹೆಚ್ಚು ಭತ್ತದ ತಳಿ ಉಳಿಸಿಕೊಂಡು ಬಂದು 2024ರಲ್ಲಿ ಪದ್ಮಶ್ರೀ ಪಡೆದವರು. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಗುಡ್ಡ ಕೊರೆದು ಸುರಂಗದಿಂದ ನೀರು ತಂದು ಬೋಳುಗುಡ್ಡವನ್ನು ತೋಟ ಮಾಡಿದ್ರು, 2022ರಲ್ಲಿ ಅವರಿಗೂ ಬಂತು. ಸುರಂಗ ಅಂದ್ರೆ ನಮ್ಮ ಮುರಕಲ್ಲಿನ ಗುಡ್ಡಕ್ಕೆ ಅಡ್ಡಕ್ಕೆ ಕೊರೆದ ಬಾವಿ, ನೀರು ತನ್ನಷ್ಟಕ್ಕೆ ಇಳಿಜಾರಿನಲ್ಲಿ ಹೊರಗೆ ಬರ್ತದೆ, ಪಂಪೇ ಬೇಡ. ಪಂಪು ಮಾರುವ ನಾನು ಹೇಳ್ತೇನೆ, ಅದರಷ್ಟು ಚೆಂದದ ನೀರಾವರಿ ಇಲ್ಲ. ಅದರ ವಿಡಿಯೋಗಳನ್ನು ಪರದೇಶದವರು ನೋಡ್ತಾರೆ, ಸುರಂಗ ಇರುವ ಮನೆಯ ಮಕ್ಕಳಿಗೆ ಅದು ನೋಡುವ ವಸ್ತು ಅಂತಲೇ ಗೊತ್ತಿಲ್ಲ. ಕಾಸರಗೋಡಿನ ಯಕ್ಷಗಾನ ಗೊಂಬೆಯಾಟವೂ ಹಾಗೆ, ಸೂತ್ರದಲ್ಲಿ ಕೈಕಾಲು ಆಡಿಸುದನ್ನು ಯಾನ್ಸೆನ್ನರ ಪೈಪಿನ ಕಾಲಿನ ಪಕ್ಕ ಇಟ್ಟು ನೋಡಿದ್ರೆ ಎಷ್ಟು ಕಲೀಲಿಕ್ಕೆ ಉಂಟು.

ಅಂಕಣ ಹೇಗಿರ್ಬೇಕು ಅಂತ ನನ್ನ ಅಭಿಪ್ರಾಯ ಹೇಳ್ತೇನೆ, ನಡೆಸುವವರು ನೀವು. ಒಂದು ವಾರಕ್ಕೆ ಒಂದೇ ವಿಷಯ. ಹತ್ತು ಲಿಂಕ್ ಕೊಟ್ರೆ ಯಾರೂ ಒಂದನ್ನೂ ನೋಡುದಿಲ್ಲ. ವಿಳಾಸವನ್ನು ಇಂಗ್ಲಿಷ್ ಅಕ್ಷರದಲ್ಲಿ ಉದ್ದಕ್ಕೆ ಅಚ್ಚು ಹಾಕಿದ್ರೆ ಟೈಪ್ ಮಾಡುವವರಿಲ್ಲ, ಕ್ಯೂಆರ್ ಕೋಡ್ ಹಾಕಿ, ಮೀನಿನ ಅಂಗಡಿಯಲ್ಲೂ ಸ್ಕ್ಯಾನ್ ಮಾಡಿ ದುಡ್ಡು ಕೊಡುವವರು ನಾವು, ಅದು ಅಜ್ಜಂದಿರಿಗೂ ಗೊತ್ತುಂಟು. ಡೇಟಾ ಎಷ್ಟು ಬೇಕಾಗ್ತದೆ, ಪೂರ್ತಿ ಉಚಿತವಾ ಅಂತ ಕೆಳಗೆ ಬರೆಯಿರಿ. ನೋಡಿದ ಮೇಲೆ ಮನೆಯಲ್ಲಿ ಮಾಡಿ ನೋಡ್ಲಿಕ್ಕೆ ಏನಾದ್ರೂ ಒಂದು ಸಣ್ಣದು ಇರ್ಲಿ. ಬರೆಯುವವರು ಆ ವಿಷಯವನ್ನು ತಾವೇ ಪೂರ್ತಿ ನೋಡಿದವರು, ಗೊತ್ತಿದ್ದವರು ಆಗಿರ್ಬೇಕು, ನಮ್ಮ ಕನ್ನಡ ಶಾಲೆಗಳಲ್ಲಿ ಅಂಥ ಟೀಚರ್‌ಗಳು ಇದ್ದಾರೆ, ಕಾಸರಗೋಡಿನ ತೋಟದ ಬೆಳೆ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಯಲ್ಲಿ ಕನ್ನಡ ಬರುವ ವಿಜ್ಞಾನಿಗಳು ಇರ್ತಾರೆ, ಚಿತ್ರ ಬರೆಯುವವರಿದ್ದಾರೆ, ಅವರನ್ನೆಲ್ಲ ಕೇಳಿ. ಜಾಹೀರಾತು ಕೊಟ್ಟವರ ಆ್ಯಪ್ ಆ ಜಾಗಕ್ಕೆ ಬರುದು ಬೇಡ. ಈಗ ಕಂಪ್ಯೂಟರೇ ಮಾಡಿದ ಸುಳ್ಳು ಚಿತ್ರ, ಸುಳ್ಳು ಪ್ರಾಣಿ, ಸುಳ್ಳು ಯಂತ್ರದ ವಿಡಿಯೋ ರಾಶಿ ಬರ್ತಾ ಉಂಟು, ಅದರಲ್ಲಿ ಒಂದನ್ನು ತಗೊಂಡು ಸುಳ್ಳು ಅಂತ ಹೇಗೆ ಗೊತ್ತು ಮಾಡುದು ಅಂತ ನಡುನಡುವೆ ಬರೆದ್ರೆ ದೊಡ್ಡ ಉಪಕಾರ.

ಶನಿವಾರದ ಪತ್ರಿಕೆಯಲ್ಲಿ ಹಾಕಿದ್ರೆ ಒಳ್ಳೇದು, ಮರುದಿನ ಮಕ್ಕಳಿಗೆ ರಜೆ, ನಮಗೂ ಹೆಚ್ಚಾಗಿ ಮಧ್ಯಾಹ್ನದ ನಂತರ ಕೆಲಸ ಇರುದಿಲ್ಲ. ಹೈಡ್ರಾಲಿಕ್ ರ್‍ಯಾಮ್ ಪಂಪಿನ ಬಗ್ಗೆ ಬರೆಯುವವರು ಸಿಗದಿದ್ರೆ ನಾನು ಬರೆದು ಕೊಡ್ತೇನೆ, ಭಾಷೆ ನೀವು ತಿದ್ದಿಕೊಳ್ಳಿ, ವಾಲ್ವಿನ ಅಳತೆ ಮತ್ತು ಪೈಪಿನ ಇಳಿಜಾರು ನಾನು ಸರಿಯಾಗಿ ಕೊಡ್ತೇನೆ.

ಇತಿ ನಿಮ್ಮ ಓದುಗ,
ಪಂಪ್ ಮತ್ತು ಪೈಪ್ ಕೆಲಸದವ,
ಬದಿಯಡ್ಕ, ಕಾಸರಗೋಡು ಜಿಲ್ಲೆ